ಸೇತುವೆ ಮೇಲೆ ನಿಂತ ಗಾಡಿ

ಕೆಟ್ಟ ಗಾಡಿಯನ್ನು ರಿಪೇರಿಗೆ ಒಯ್ದರೆ ಯಾರೂ ನಗುವುದಿಲ್ಲ. ಚೆನ್ನಾಗಿ ಓಡುತ್ತಿರುವ ಗಾಡಿಯನ್ನು ಒಯ್ದು, ಇದರಲ್ಲಿ ಏನೋ ಕೆಟ್ಟಿದೆ, ದಯವಿಟ್ಟು ಹುಡುಕಿಕೊಡಿ ಎಂದು ಬೇಡಿದರೆ ಮಾತ್ರ ಗ್ಯಾರೇಜಿನವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಪೇಂಟರ್ ಮಗಳು ಆ ನೋಟವನ್ನು ಒಂದಲ್ಲ, ಮೂರು ಗ್ಯಾರೇಜುಗಳಲ್ಲಿ ಕಂಡು ಬಂದಿದ್ದಳು. ಮೂರು ಕಡೆಯೂ ಆ ಹಳೆಯ ಕಾರು ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗಿ, ಸಾಕಿದ ಬೆಕ್ಕಿನ ಹಾಗೆ ಗುರುಗುಟ್ಟುತ್ತ ನಿಂತಿತ್ತು. ಬ್ಯಾಟರಿ ನೋಡಿದರು, ಪ್ಲಗ್ ಬಿಚ್ಚಿ ನೋಡಿದರು, ತಂತಿ ತಂತಿಗೂ ಪುಟ್ಟ ಬಲ್ಬ್ ಹಚ್ಚಿ ನೋಡಿದರು. ಬಲ್ಬ್ ಎಲ್ಲ ಕಡೆ ಬೆಳಗಿತು. ಗಾಡಿ ಗುಂಡುಕಲ್ಲಿನಂತಿದೆ, ಮಾರುವುದಾದರೆ ನಮಗೇ ಹೇಳಿ ಎಂದ ಒಬ್ಬ.

ಅವಳಿಗೆ ಬೇಕಾಗಿದ್ದುದು ಆ ಮಾತಲ್ಲ. ಗಾಡಿ ಕೆಟ್ಟಿದೆ ಎಂದು ಯಾರಾದರೂ ಒಬ್ಬರು ಹೇಳಬೇಕಿತ್ತು. ಏಕೆಂದರೆ ಗಾಡಿ ಸರಿಯಿದ್ದರೆ ಕೆಟ್ಟವಳು ಅವಳೇ ಆಗುತ್ತಿದ್ದಳು.

ಎರಡು ತಿಂಗಳ ಹಿಂದೆ ಒಂದು ಸಂಜೆ, ಮಳೆ ಹಿಡಿದುಕೊಂಡಿದ್ದಾಗ, ಅಪ್ಪ ಎದೆ ಹಿಡಿದುಕೊಂಡು ಗೋಡೆಗೊರಗಿ ಕೂತುಬಿಟ್ಟಿದ್ದ. ಅಣ್ಣ ಕೆಲಸದಲ್ಲಿದ್ದ. ಅವಳೂ ಅಮ್ಮನೂ ಸೇರಿ ಅಪ್ಪನನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಅಮ್ಮ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕಾರು ಓಡಿಸಿದ್ದು ಅವಳು. ಆಸ್ಪತ್ರೆ ಸೇತುವೆಯ ಆಚೆ. ಸೇತುವೆಯ ನಟ್ಟನಡುವೆ ಹೆಡ್‌ಲೈಟ್ ಮಂಕಾಯಿತು, ಎಂಜಿನ್ ಎರಡು ಸಲ ಕೆಮ್ಮಿತು, ನಿಂತುಹೋಯಿತು. ಕೀ ತಿರುಗಿಸಿದಳು. ಟಕ್ ಎಂದಿತು, ಅಷ್ಟೇ. ಮತ್ತೆ ತಿರುಗಿಸಿದಳು. ಮತ್ತೆ ಟಕ್. ಹಿಂದಿನಿಂದ ಅಮ್ಮ, ಬೇಗ ಮಾಡೇ, ಬೇಗ ಮಾಡೇ ಎನ್ನುತ್ತಿದ್ದಳು. ಎಷ್ಟು ಸಲ ತಿರುಗಿಸಿದಳೋ ದೇವರೇ ಬಲ್ಲ. ಕೊನೆಗೆ ಹಾಲಿನ ವ್ಯಾನಿನವನೊಬ್ಬ ನಿಲ್ಲಿಸಿ, ಅಪ್ಪನನ್ನು ಕ್ಯಾನುಗಳ ನಡುವೆ ಮಲಗಿಸಿಕೊಂಡು ಆಸ್ಪತ್ರೆಗೆ ಮುಟ್ಟಿಸಿದ. ಇನ್ನೊಂಚೂರು ಮುಂಚೆ ತಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು. ಡಾಕ್ಟರುಗಳು ಈ ಮಾತನ್ನು ದಿನಕ್ಕೆ ಎಷ್ಟು ಜನಕ್ಕೆ ಹೇಳುತ್ತಾರೋ ಗೊತ್ತಿಲ್ಲ. ಕೇಳಿಸಿಕೊಂಡವರು ಅದನ್ನು ಸಾಯುವ ತನಕ ಹೊತ್ತುಕೊಂಡು ತಿರುಗಬೇಕಾಗುತ್ತದೆ.

ಮಾರನೆಯ ಬೆಳಗ್ಗೆ ಅಣ್ಣ ಒಬ್ಬ ಮೆಕ್ಯಾನಿಕ್‌ನನ್ನು ಕರೆದುಕೊಂಡು ಸೇತುವೆಗೆ ಹೋದ. ಇಬ್ಬರೂ ಕಾರನ್ನು ಅಲುಗಾಡಿಸಿ ಪಕ್ಕಕ್ಕೆ ತಳ್ಳಿದರು. ಮೆಕ್ಯಾನಿಕ್ ಕೂತು ಕೀ ತಿರುಗಿಸಿದ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಗಾಬರಿಯಲ್ಲಿ ಕೀ ಪೂರ್ತಿ ತಿರುಗಿಸಿರಲ್ಲ, ಹೆಣ್ಣುಮಕ್ಕಳ ಕೈ ನೋಡಿ ಎಂದು ಅವನು ನಕ್ಕನಂತೆ. ಆ ಮಾತು ಅಣ್ಣನಿಗಿಂತ ಮುಂಚೆ ಮನೆ ತಲುಪಿತು.

ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ, ತಿರುಗಿ ಬೈಯಬಹುದಿತ್ತು. ಅಣ್ಣ ಬಂದವರೆದುರು, ಪಾಪ, ಅವಳದೇನು ತಪ್ಪು, ಅಂಥ ಹೊತ್ತಲ್ಲಿ ಯಾರಿಗಾದರೂ ಕೈ ನಡುಗುತ್ತೆ ಎನ್ನುತ್ತಿದ್ದ. ಕೇಳದೆಯೇ ಕ್ಷಮಿಸಿಬಿಟ್ಟವರಿಗೆ ಏನೆಂದು ಉತ್ತರ ಕೊಡುವುದು? ಅಮ್ಮನಂತೂ ಆ ವಿಷಯವನ್ನೇ ಎತ್ತಲಿಲ್ಲ. ಆದರೆ ಆವತ್ತಿನಿಂದ ಅವಳು ಮಗಳ ಜೊತೆ ಕಾರು ಹತ್ತಲಿಲ್ಲ. ಎಲ್ಲಿಗೆ ಹೋಗಬೇಕಾದರೂ ಚೀಲ ಹಿಡಿದು ನಡೆದೇ ಹೊರಡುತ್ತಿದ್ದಳು. ಮಗಳು ಬಿಡ್ತೀನಮ್ಮ ಎಂದರೆ, ಕಾಲು ಆಡಬೇಕು ಎನ್ನುತ್ತಿದ್ದಳು.

ಇದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಅವಳಿಗೇ ಈಗ ಅವಳ ಮೇಲೆ ನಂಬಿಕೆ ಇರಲಿಲ್ಲ. ದರ್ಜಿ ಅಂಗಡಿಯಲ್ಲಿ ಮಿಷನ್ ಮುಂದೆ ಕೂತಾಗ ಕೈಯನ್ನೇ ನೋಡಿಕೊಳ್ಳುತ್ತಿದ್ದಳು. ಸೂಜಿಗೆ ದಾರ ಪೋಣಿಸುವಾಗ ಒಮ್ಮೆಯೂ ನಡುಗದ ಕೈ. ಆವತ್ತು ನಡುಗಿತ್ತೇ? ಕೀ ಅರ್ಧಕ್ಕೇ ತಿರುಗಿಸಿದ್ದಳೇ? ಆ ಟಕ್ ಶಬ್ದ ನಿಜವಾಗಿ ಕೇಳಿಸಿತ್ತೇ, ಇಲ್ಲಾ ಆಮೇಲೆ ತಾನೇ ಹುಟ್ಟಿಸಿಕೊಂಡಳೇ?

ಅಷ್ಟರಲ್ಲಿ ಅಣ್ಣ ಕಾರಿಗೆ ಗಿರಾಕಿ ಹುಡುಕಿದ್ದ. ಭಾನುವಾರ ನೋಡಲು ಬರುತ್ತಾರೆ ಎಂದ. ಆ ವಸ್ತು ಮನೆ ಮುಂದೆ ನಿಂತಷ್ಟು ದಿನ ಅಮ್ಮನಿಗೆ ನೆಮ್ಮದಿಯಿಲ್ಲ ಎನ್ನುವುದು ಅವನ ಲೆಕ್ಕ, ತಪ್ಪು ಲೆಕ್ಕವೇನೂ ಅಲ್ಲ. ಕಾರು ಹೋದರೆ ಅದರ ಜೊತೆಗೆ ಉತ್ತರವೂ ಹೋಗುತ್ತದೆ ಎನ್ನುವುದು ಅವಳೊಬ್ಬಳಿಗೇ ಗೊತ್ತಿತ್ತು. ಹಾಗಾಗಿ ಶನಿವಾರ ಅಂಗಡಿಗೆ ರಜೆ ಹಾಕಿ, ಮರದ ಡಿಪೋದ ಹಿಂದಿರುವ ಗೊಣಗಪ್ಪನ ಶೆಡ್ಡಿಗೆ ಗಾಡಿ ತಿರುಗಿಸಿದಳು.

ಗೊಣಗಪ್ಪ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ, ಊರು ಇಟ್ಟದ್ದು. ಹೆತ್ತವರಿಗಿಂತ ಊರಿಗೇ ಚೆನ್ನಾಗಿ ಗೊತ್ತಿತ್ತು. ಗಾಡಿಗಳ ವೈರಿಂಗ್ ಬಿಟ್ಟು ಬೇರೆ ಕೆಲಸ ಮುಟ್ಟದ ಆಸಾಮಿ, ಬಾಯಿಗೆ ಬಿಡುವಿಲ್ಲ. ಗಾಡಿ ಮಾಡಿದವನನ್ನು, ಕೊಂಡವನನ್ನು, ತನಗಿಂತ ಮುಂಚೆ ಮುಟ್ಟಿದವನನ್ನು ಒಂದೇ ಉಸಿರಿನಲ್ಲಿ ಬೈಯುತ್ತ ಕೆಲಸ ಮಾಡುತ್ತಿದ್ದ. ಅವಳು ಹೋದಾಗ ಒಂದು ಡೈನಮೊ ಬಿಚ್ಚಿಕೊಂಡು ಅದಕ್ಕೇ ಬುದ್ಧಿ ಹೇಳುತ್ತಿದ್ದ.

ಈಗ ಕೆಟ್ಟಿದೆಯಾ ಎಂದು ಕೇಳಿದ. ಇಲ್ಲ ಎಂದಳು. ನಗುನಗುತ್ತಿರುವವನನ್ನು ಕರೆದುಕೊಂಡು ಬಂದು ಕಾಯಿಲೆ ಹೇಳು ಅಂದರೆ ನಾನೇನು ಕಣಿ ಹೇಳುವವನೇ ಎಂದು ಗೊಣಗಿದ. ಅವಳು ಹಿಂತಿರುಗಬೇಕು ಎನ್ನುವಷ್ಟರಲ್ಲಿ, ಉಳಿದ ಮೂವರು ಕೇಳದ ಒಂದು ಮಾತು ಕೇಳಿದ. ನಿಂತ ಹೊತ್ತಿಗೆ ಏನೇನು ಹಾಕಿದ್ದೆ?

ಹೆಡ್‌ಲೈಟ್ ಎಂದಳು. ಆಮೇಲೆ? ವೈಪರ್. ಆಮೇಲೆ? ಗಾಜಿಗೆ ಮಂಜು ಹಿಡಿಯುತ್ತಿತ್ತು, ಫ್ಯಾನ್ ಹಾಕಿದ್ದೆ. ಇಂಡಿಕೇಟರ್? ಸೇತುವೆ ಹತ್ತುವ ಮುಂಚೆ ತಿರುವಿನಲ್ಲಿ ಹಾಕಿದ್ದೆ. ಬಿಸಿ ತೋರಿಸುವ ಮುಳ್ಳು ಹೇಗಿರುತ್ತೆ? ಕೆಲವು ಸಲ ಸುಮ್ಮಸುಮ್ಮನೆ ಕುಣಿಯುತ್ತೆ ಎಂದಳು. ಅಪ್ಪ ಅದನ್ನು ನೋಡಿ, ವಯಸ್ಸಾದ ಮೇಲೆ ಎಲ್ಲರಿಗೂ ಹೀಗೇ, ಮೈ ಒಮ್ಮೆ ಬಿಸಿ ಒಮ್ಮೆ ತಣ್ಣಗೆ ಎಂದು ನಗುತ್ತಿದ್ದುದು ನೆನಪಾಯಿತು. ಅದನ್ನು ಹೇಳಲಿಲ್ಲ. ಗೊಣಗಪ್ಪ ಡ್ರೈವರ್ ಸೀಟಿನಲ್ಲಿ ಕೂತು ಆಕ್ಸಿಲರೇಟರ್ ಪೆಡಲನ್ನು ಎರಡು ಸಲ ಒತ್ತಿದ. ಇದು ಯಾಕೆ ಇಷ್ಟು ಬಿಗಿ ಎಂದ. ಕೆಲವು ತಿಂಗಳಿಂದ ಹಾಗೇ ಇದೆ ಎಂದಳು. ಅವನು ಹೂಂ ಎಂದ. ಗೊಣಗುವುದನ್ನು ನಿಲ್ಲಿಸಿದ್ದು ಅವಳ ಗಮನಕ್ಕೆ ಬಂತು.

"ಹಿಂದುಗಡೆ ಎಷ್ಟು ಜನ ಇದ್ರು?"

"ಇಬ್ರು."

"ಇಬ್ರೂ ಕೂತಿದ್ರಾ?"

"ಒಬ್ರು ಕೂತಿದ್ರು. ಇನ್ನೊಬ್ರು ಮಲಗಿದ್ರು."

ಗೊಣಗಪ್ಪ ಒಂದು ಸಲ ಅವಳ ಮುಖ ನೋಡಿದ. ಬೇರೇನೂ ಕೇಳದೆ ಶೆಡ್ಡಿನ ಮೂಲೆಗೆ ಹೋಗಿ, ಅಲ್ಲಿ ಪೇರಿಸಿಟ್ಟಿದ್ದ ಸತ್ತ ಬ್ಯಾಟರಿಗಳನ್ನು ಒಂದೊಂದಾಗಿ ತಂದು ಹಿಂದಿನ ಸೀಟಿನ ಮೇಲೆ ಉದ್ದಕ್ಕೆ ಜೋಡಿಸತೊಡಗಿದ. ಇದು ಅವನ ರೀತಿ. ಗಾಡಿ ಎಲ್ಲಿ ಹೇಗೆ ನಿಂತಿತೋ ಅದೇ ಭಾರ, ಅದೇ ಬಿಸಿ, ಅದೇ ಸ್ವಿಚ್ಚುಗಳು. ಶೆಡ್ಡಿನ ನೆರಳಿನಲ್ಲಿ ನಿಂತ ಗಾಡಿ ಮಾವನ ಮನೆಗೆ ಬಂದ ಅಳಿಯನಂತೆ ನಾಜೂಕಾಗಿರುತ್ತೆ, ಅದರ ನಿಜವಾದ ಗುಣ ರಸ್ತೆಯಲ್ಲಿ ಕಾಣುತ್ತೆ ಎನ್ನುತ್ತಿದ್ದ. ಬ್ಯಾಟರಿಗಳ ಸಾಲು ಸೀಟಿನ ಈ ತುದಿಯಿಂದ ಆ ತುದಿಗೆ ಮುಟ್ಟಿತು. ಅವನು ಅದರ ಮೇಲೊಂದು ಗೋಣಿ ಹೊದಿಸಿದ, ಸೀಟಿಗೆ ಆಸಿಡ್ ತಾಗಬಾರದಲ್ಲ. ಅವಳಿಗೆ ಆ ಕಡೆ ನೋಡಲಾಗಲಿಲ್ಲ.

ಅವಳೇ ಓಡಿಸಬೇಕೆಂದ. ಗಿರಣಿಯ ಗೋಡೆಯುದ್ದಕ್ಕೂ ಹೋಗುವ ರಸ್ತೆಯಲ್ಲಿ ಲಾರಿಗಳ ವೇಗ ತಗ್ಗಿಸಲು ಹಂಪುಗಳನ್ನು ಹಾಕಿದ್ದರು. ಮಟಮಟ ಮಧ್ಯಾಹ್ನ ಹೆಡ್‌ಲೈಟ್ ಹಾಕಿಕೊಂಡು, ಒಣಗಿದ ಗಾಜಿನ ಮೇಲೆ ವೈಪರ್ ಕಿರ್‌ಗುಟ್ಟಿಸುತ್ತ, ಗೋಣಿ ಹೊದ್ದ ಬ್ಯಾಟರಿಗಳನ್ನು ಮಲಗಿಸಿಕೊಂಡು ಅವರಿಬ್ಬರೂ ಆ ರಸ್ತೆಯಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡಿದರು. ಗಿರಣಿಯ ಕಾವಲುಗಾರ ಎದ್ದು ನಿಂತು ನೋಡಿದ. ಹುಚ್ಚರ ಸಂತೆ ಎಂದುಕೊಂಡಿರಬೇಕು.

ಗಾಡಿ ನಿಲ್ಲಲಿಲ್ಲ. ಹಂಪು ಹತ್ತಿತು, ಇಳಿಯಿತು, ಬೆಣ್ಣೆಯ ಹಾಗೆ ಓಡಿತು. ಗೊಣಗಪ್ಪ ಅವಸರ ಮಾಡಲಿಲ್ಲ. ಎಂಜಿನ್ ಇನ್ನೂ ಬಿಸಿಯೇರಬೇಕು, ನಿಲ್ಲಿಸಿಕೊಂಡು ರೇಸ್ ಮಾಡು ಎಂದ. ಮಾಡಿದಳು. ಅಪ್ಪ ಜೀವದ ಹಾಗೆ ಕಾಪಾಡಿದ ಗಾಡಿ ಈಗ ಕೆಟ್ಟು ನಿಲ್ಲಲಿ ಎಂದು ಹಲ್ಲು ಕಚ್ಚಿ ಬೇಡಿಕೊಳ್ಳುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಆದರೂ ಬೇಡಿಕೊಂಡಳು. ಕೆಟ್ಟು ಹೋಗೋ, ಒಂದೇ ಒಂದು ಸಲ ಕೆಟ್ಟು ಹೋಗೋ.

ಮತ್ತೆ ಹೊರಟರು. ಮೊದಲ ಹಂಪು ದಾಟಿತು. ಎರಡನೆಯದನ್ನು ಇಳಿಯುವಾಗ ಹಿಂದಿನ ಬ್ಯಾಟರಿಗಳು ಒಂದಕ್ಕೊಂದು ತಾಗಿ ಸದ್ದಾಯಿತು. ಮುಳ್ಳು ಎದ್ದು ಕುಣಿಯಿತು. ವೈಪರ್ ಅರ್ಧ ದಾರಿಯಲ್ಲಿ ನಿಧಾನವಾಯಿತು. ಎಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು.

ಅವಳು ಕೀ ತಿರುಗಿಸಿದಳು. ಟಕ್.

ಪೂರ್ತಿ ತಿರುಗಿಸಿದಳು, ಬೆರಳು ನೋಯುವಷ್ಟು. ಟಕ್. ಅದೇ ಶಬ್ದ. ಅವಳು ಹುಟ್ಟಿಸಿಕೊಂಡದ್ದಲ್ಲ, ಕನಸಲ್ಲಿ ಕೇಳಿದ್ದಲ್ಲ. ಸ್ಟೇರಿಂಗ್ ಮೇಲೆ ಹಣೆಯಿಟ್ಟು ಅತ್ತಳು. ಅಪ್ಪ ಹೋದ ದಿನವೂ ಹೀಗೆ ಅತ್ತಿರಲಿಲ್ಲ, ಆವತ್ತು ಅಳುವ ಹಕ್ಕೂ ತನಗಿಲ್ಲ ಅನ್ನಿಸಿತ್ತು.

ಗೊಣಗಪ್ಪ ಸಮಾಧಾನ ಹೇಳುವ ಜಾತಿಯವನಲ್ಲ. ಏನನ್ನೂ ಮುಟ್ಟಬೇಡ, ಕಳ್ಳ ಇನ್ನೂ ಮನೆಯೊಳಗೇ ಇದ್ದಾನೆ ಎಂದು ಇಳಿದು ಬಾನೆಟ್ ಎತ್ತಿದ. ವೋಲ್ಟೇಜ್ ಅಳೆಯುವ ಮೀಟರಿನ ಒಂದು ತುದಿಯನ್ನು ಎಂಜಿನ್ ಮೈಗೆ ಒತ್ತಿ, ಇನ್ನೊಂದನ್ನು ಬ್ಯಾಟರಿಯ ಮೈನಸ್ ಕಡೆಯ ಕಪ್ಪು ಕಂಬಕ್ಕೆ ಹಿಡಿದು, ಈಗ ತಿರುಗಿಸು ಎಂದ. ಅವಳು ಕಣ್ಣೊರೆಸಿಕೊಂಡು ತಿರುಗಿಸಿದಳು. ಆಮೇಲೆ ಕೆಳಗಿಳಿದು ಬಾ, ನೋಡು ಎಂದು ಕರೆದ. ಈ ಎರಡರ ನಡುವೆ ಮೀಟರ್ ಹೆಚ್ಚುಕಮ್ಮಿ ಸೊನ್ನೆ ತೋರಿಸಬೇಕು. ಅದು ಬ್ಯಾಟರಿಯಲ್ಲಿದ್ದ ಶಕ್ತಿಯನ್ನೆಲ್ಲ ತೋರಿಸಿತ್ತು. ಆಕ್ಸಿಲರೇಟರಿನ ಕೇಬಲ್ ಮೇಲೆ ಅವಳ ಕೈಯನ್ನು ಇಡಿಸಿದ. ಚುರ್ ಎನ್ನುವಷ್ಟು ಬಿಸಿಯಾಗಿತ್ತು.

"ಬ್ಯಾಟರಿಯಿಂದ ಹೊರಟ ಕರೆಂಟು ಕೆಲಸ ಮುಗಿಸಿ ವಾಪಸ್ ಮನೆಗೆ ಬರ್ಬೇಕು ತಾಯಿ," ಎಂದ. "ಆ ವಾಪಸ್ ಬರೋ ದಾರಿಗೆ ಅರ್ತ್ ಅಂತೀವಿ. ಎಲ್ರೂ ಹೋಗೋ ದಾರಿನೇ ನೋಡ್ತಾರೆ. ಇಲ್ಲಿ ಬರೋ ದಾರಿ ಮುಚ್ಚಿದೆ. ಪಾಪ, ಅದು ಈ ಕೇಬಲ್ಲಲ್ಲಿ ನುಸುಳಿಕೊಂಡು ಬರೋಕೆ ನೋಡಿದೆ. ಇದನ್ನೂ ಸುಟ್ಟಿದೆ."

ಹಾಗಾದರೆ ಆ ಮೂವರ ಬಲ್ಬ್ ಯಾಕೆ ಉರಿಯಿತು ಎಂದು ಅವಳು ಕೇಳಿದಳು. ಬಲ್ಬಿಗೇನು, ಕೂದಲೆಳೆಯಷ್ಟು ದಾರಿ ಸಿಕ್ಕರೂ ಉರಿಯುತ್ತೆ, ಸ್ಟಾರ್ಟರಿಗೆ ಹೆದ್ದಾರಿಯೇ ಬೇಕು ಎಂದ ಗೊಣಗಪ್ಪ. ಒಂದೇ ಎಳೆಯಲ್ಲಿ ನಿಂತ ಗುಂಡಿ ಅವಳಿಗೆ ಗೊತ್ತು. ನೋಡಲು ಭದ್ರವಾಗಿಯೇ ಇರುತ್ತದೆ, ಎಳೆದಾಗ ಕೈಗೆ ಬರುತ್ತದೆ. ಅವನು ಬೆರಳು ದಪ್ಪದ ಒಂದು ತಂತಿ ತಂದು ಎಂಜಿನ್ನಿಗೂ ಬ್ಯಾಟರಿಗೂ ನಡುವೆ ಕಚ್ಚಿಸಿದ. ಕೀ ತಿರುಗಿಸಿದ ಕೂಡಲೇ ಎಂಜಿನ್ ಎದ್ದುಕೂತಿತು.

ಇನ್ನು ಉಳಿದದ್ದು ದಾರಿ ಮುಚ್ಚಿದ ಜಾಗ ಹುಡುಕುವುದು. ಎಂಜಿನ್ನಿನಿಂದ ಹೊರಟ ಹೆಣೆದ ತಂತಿಪಟ್ಟಿಯೊಂದು ಎಂಜಿನ್ನಿಗೂ ಸೀಟಿಗೂ ನಡುವಿನ ಒಳಗೋಡೆಗೆ ಬೋಲ್ಟಿನಿಂದ ಬಿಗಿದುಕೊಂಡಿತ್ತು. ಆ ಗೋಡೆ, ಅದರ ಮೂಲೆ, ಸಂದು, ಬೋಲ್ಟಿನ ತಲೆ ಎಲ್ಲವೂ ಕಡುನೀಲಿ, ಮುಖ ಕಾಣುವಷ್ಟು ಹೊಳಪು. ಗೊಣಗಪ್ಪ ಸ್ಪ್ಯಾನರ್ ಹಾಕಿ ತಿರುಗಿಸಿದಾಗ ಬಣ್ಣ ಚಟ್ ಎಂದು ಬಿರಿಯಿತು. ತಂತಿಪಟ್ಟಿಯ ಉಂಗುರ ಎತ್ತಿದ. ಅದರ ಅಡಿಯಲ್ಲೂ ನೀಲಿ. ಗೀರಿಲ್ಲ, ಗುಳ್ಳೆಯಿಲ್ಲ, ತೆಳ್ಳಗೆ ಮೂರು ಕೋಟು. ಬೋಲ್ಟಿನ ಸುರುಳಿಯಲ್ಲಿ ಮಾತ್ರ ಒಂದು ಸಣ್ಣ ಗೆರೆ ಬೆಳ್ಳಗೆ ಸವೆದಿತ್ತು. ಇಷ್ಟು ದಿನ ಗಾಡಿ ಉಸಿರಾಡಿದ್ದು ಆ ಗೆರೆಯಲ್ಲಿ.

"ಯಾವ ಕತ್ತೆ ಬಳಿದಿದ್ದು ಇದನ್ನ?" ಗೊಣಗಪ್ಪ ಮತ್ತೆ ಗೊಣಗಪ್ಪನಾಗಿದ್ದ. "ಅರ್ತ್ ಕೂರೋ ಜಾಗಕ್ಕೆ ಬಣ್ಣ ಬಳಿಯೋದಾ? ಕಬ್ಬಿಣಕ್ಕೆ ಕಚ್ಚಿಕೊಳ್ಳೋ ಹಲ್ಲಿನ ವಾಷರ್ರೂ ತೆಗೆದುಬಿಟ್ಟಿದ್ದಾನೆ. ಮೇಲೆ ಥಳುಕು, ಒಳಗೆ ಹುಳುಕು. ಇಂಥೋರ ಕೈ ಕಡೀಬೇಕು."

"ನಮ್ಮಪ್ಪ," ಎಂದಳು ಅವಳು. "ಹಿಂದೆ ಮಲಗಿದ್ರು ಅಂದೆನಲ್ಲ, ಅವ್ರೇ. ಅವತ್ತೇ ಹೋಗ್ಬಿಟ್ರು."

ಗೊಣಗಪ್ಪ ಸ್ಪ್ಯಾನರನ್ನು ನೆಲದ ಮೇಲಿಟ್ಟ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದು ಒರೆಸಿದ. ಗಿರಣಿಯ ಒಳಗಿನಿಂದ ಮಿಷನ್ನುಗಳ ಸದ್ದು ಬರುತ್ತಿತ್ತು. ಕೊನೆಗೆ ಆ ನೀಲಿ ಅಂಚಿನ ಮೇಲೆ ಹೆಬ್ಬೆರಳಾಡಿಸಿ, "ಕೈ ಮಾತ್ರ ಬಂಗಾರದ್ದು," ಎಂದ.

ಬಂಗಾರದ್ದೇ. ಬೋರ್ಡು ಬರೆಯುವುದರಿಂದ ಹಿಡಿದು ಬೀರು, ಬಾಗಿಲು, ಬಸ್ಸುಗಳವರೆಗೆ ಬಣ್ಣ ಬಳಿದ ಕೈ ಅದು. ಬರಿ ಕಬ್ಬಿಣ ಕಂಡರೆ ಅಪ್ಪನಿಗೆ ಬರಿಮೈಯ ಮಗುವನ್ನು ಕಂಡಂತೆ, ಹೊದಿಸದೆ ಬಿಡುತ್ತಿರಲಿಲ್ಲ. ಮನೆಯಲ್ಲಿ ಸ್ಕ್ರೂಗಳ ತಲೆಗೆ ಬಣ್ಣ, ಬಾಗಿಲ ಬಿಜಾಗರಿಗೆ ಬಣ್ಣ, ಕರೆಗಂಟೆಯ ಗುಂಡಿಗೂ ಬಣ್ಣ ಬಳಿದು ಅದು ಒಳಕ್ಕೆ ಹೋಗದಂತಾಗಿತ್ತು. ಕೋಟಿನ ಮೇಲೆ ಕೋಟು ಹೊಡೆದು ಅಡುಗೆಮನೆಯ ಕಿಟಕಿ ಹದಿನೈದು ವರ್ಷದಿಂದ ತೆರೆದಿರಲಿಲ್ಲ. ಸುಮ್ಮನೆ ಕೂತರೆ ನನಗೂ ಒಂದು ಕೋಟು ಹೊಡೆದುಬಿಡ್ತೀರ ಎಂದು ಅಮ್ಮ ರೇಗುತ್ತಿದ್ದಳು. ಕಾರಿಗೆ ಬಣ್ಣ ಬಳಿದದ್ದು ಕಳೆದ ವರ್ಷ, ಅವಳಿಗೆ ಲೈಸೆನ್ಸ್ ಬಂದ ಖುಷಿಗೆ. ಯಾವ ಬಣ್ಣ ಬೇಕು ಹೇಳು ಎಂದಿದ್ದ. ಕಡುನೀಲಿ ಎಂದವಳು ಅವಳೇ. ಒಳಗೋಡೆಯ ಹತ್ತಿರ ಬಗ್ಗಿ ನಿಂತು, ಈ ಹಲ್ಲಿನ ವಾಷರ್ ಬಣ್ಣ ಕಚ್ಚುತ್ತೆ ಕಣೇ ಎಂದು ಅದನ್ನು ತೆಗೆದು ಅವಳ ಕೈಗೆ ಕೊಟ್ಟಿದ್ದ. ಪುಟ್ಟ ಹೂವಿನ ಹಾಗಿದೆ ಎಂದು ಅವಳು ಅದನ್ನು ಗುಂಡಿಗಳ ಡಬ್ಬಿಯಲ್ಲಿ ಹಾಕಿಕೊಂಡಿದ್ದಳು. ಅದು ಇನ್ನೂ ಅಲ್ಲೇ ಇತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಹಾಗೆ.

ಶೆಡ್ಡಿಗೆ ಮರಳಿದ ಮೇಲೆ ಗೊಣಗಪ್ಪ ಉಪ್ಪುಕಾಗದದ ಚೂರೊಂದನ್ನು ಕೈಗೆತ್ತಿಕೊಂಡ. ಬಗ್ಗಿದವನು ಹಾಗೇ ನಿಂತು, ಅದನ್ನು ಅವಳಿಗೆ ಚಾಚಿದ.

"ನೀನೇ ಉಜ್ಜು. ಕಬ್ಬಿಣ ಕಾಣೋವರೆಗೂ."

ಅಪ್ಪ ಬಳಿದದ್ದರ ಮೇಲೆ ಉಗುರು ತಾಗಿಸಿದರೂ ಆ ಮನೆಯಲ್ಲಿ ರಂಪವಾಗುತ್ತಿತ್ತು. ಅವಳು ಉಜ್ಜಿದಳು. ಮೊದಲು ನೀಲಿ ಪುಡಿ ಉದುರಿತು, ಆಮೇಲೆ ಬೂದು ಪ್ರೈಮರಿನದು. ಮೂರು ಕೋಟಿನ ಕೆಳಗೆ ದೊಡ್ಡ ಗುಂಡಿಯಷ್ಟು ಅಗಲಕ್ಕೆ ಕಬ್ಬಿಣ ಬೆಳ್ಳಗೆ ಹೊಳೆಯಿತು. ಗೊಣಗಪ್ಪ ಹೊಸ ಹಲ್ಲಿನ ವಾಷರ್ ಹಾಕಿ, ಬಿಗಿದು, ತುಕ್ಕು ಹಿಡಿಯದಂತೆ ಸುತ್ತ ಗ್ರೀಸ್ ಸವರಿದ. ಸುಟ್ಟ ಕೇಬಲನ್ನೂ ಬದಲಿಸಿದ. ಅಷ್ಟು ಹೊತ್ತೂ ಅವನು ಯಾರನ್ನೂ ಬೈಯಲಿಲ್ಲ. ಹೊರಡುವಾಗ, ಮನೆಯಲ್ಲಿ ಏನು ಹೇಳುವುದೋ ಅದು ನಿನಗೆ ಬಿಟ್ಟದ್ದು, ಕೇಳಿದರೆ ನಾನು ನೋಡಿದ್ದನ್ನು ಹೇಳುತ್ತೇನೆ, ಕೇಳದಿದ್ದರೆ ಇಲ್ಲ ಎಂದ.

ಮನೆ ದಾರಿಯಲ್ಲಿ ಅವಳು ಗಾಡಿಯನ್ನು ನಿಧಾನವಾಗಿ ಓಡಿಸಿದಳು. ತಪ್ಪು ಗಾಡಿಯದು ಎನ್ನುವ ಒಂದು ಮಾತಿಗಾಗಿ ಎರಡು ತಿಂಗಳು ಹಂಬಲಿಸಿದ್ದಳು. ಈಗ ಆ ಮಾತು ಸಿಕ್ಕಿತ್ತು, ಆದರೆ ಅದನ್ನು ಯಾರ ಮುಂದೆ ಇಡುವುದು? ತಾನು ಬಿಡಿಸಿಕೊಳ್ಳಬೇಕಾದರೆ ಅಪ್ಪನನ್ನು ಅಲ್ಲಿ ನಿಲ್ಲಿಸಬೇಕು. ಗಂಡ ತನ್ನ ಕೈಯಾರೆ ತನ್ನ ದಾರಿ ಮುಚ್ಚಿಕೊಂಡ ಎಂದು ಅಮ್ಮನಿಗೆ ಹೇಳಬೇಕು. ಅದೂ ಮಗಳ ಮೇಲಿನ ಅಕ್ಕರೆಗೆ ಬಳಿದ ಬಣ್ಣದಿಂದ. ಅವಳಿಗೆ ಅಪ್ಪನ ಮೇಲೆ ಸಿಟ್ಟು ಬರಲಿಲ್ಲ. ದುಃಖ ಮಾತ್ರ ಹೊಸದಾಗಿ, ಮೊದಲಿಂದ ಬಂದ ಹಾಗೆ ಬಂತು. ಮನೆ ತಿರುವು ಬರುವಷ್ಟರಲ್ಲಿ ತೀರ್ಮಾನಿಸಿದ್ದಳು. ಒಂದು ಬೋಲ್ಟು ಸಡಿಲವಿತ್ತು ಎಂದರೆ ಸಾಕು.

ಅಮ್ಮ ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಗಿರಾಕಿ ಬರುವ ಮುಂಚೆ ಗಾಡಿ ತೊಳೆಯಬೇಕೆಂದು ಅಣ್ಣ ಬಕೆಟ್ ಹಿಡಿದು ಕಾಯುತ್ತಿದ್ದ. ಎಲ್ಲಿಗೆ ಹೋಗಿದ್ದೆ ಎಂದ. ಹೇಳಿದಳು. ಗಾಡಿ ಗೊಣಗಪ್ಪನೆದುರೇ ನಿಂತಿತು, ಎಂಜಿನ್ನಿನ ಹತ್ತಿರ ಒಂದು ಬೋಲ್ಟು ಸಡಿಲವಿತ್ತು, ಅದಕ್ಕೇ ಅವತ್ತೂ ನಿಂತಿದ್ದು ಎಂದಳು. ಅಣ್ಣ ಬಕೆಟ್ ಕೆಳಗಿಟ್ಟ. ಸಡಿಲ ಬೋಲ್ಟು ಮೂರು ಗ್ಯಾರೇಜಿನವರ ಕಣ್ಣಿಗೆ ಬೀಳಲಿಲ್ಲವೇ ಎಂದು ಕೇಳಿದ. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಮೊದಲ ಸುಳ್ಳಿಗೇ ಸುಸ್ತಾಗುತ್ತಾರೆ, ಎರಡನೆಯದು ಹೊಳೆಯುವುದಿಲ್ಲ. ಅಣ್ಣ ಅವಳ ಭುಜದ ಮೇಲೆ ಕೈಯಿಟ್ಟು, ಹೋಗಲಿ ಬಿಡು, ಯಾರೂ ನಿನ್ನನ್ನು ಏನೂ ಅನ್ನುತ್ತಿಲ್ಲವಲ್ಲ ಎಂದ. ಅದೇ ಮೆತ್ತನೆಯ ದನಿ. ಅವಳಿಗೆ ಆ ಕೈ ಬೆಟ್ಟದಷ್ಟು ಭಾರವಾಯಿತು.

"ಎಲ್ಲಿ, ತೋರ್ಸು," ಎಂದಳು ಅಮ್ಮ.

ಮೊರ ಪಕ್ಕಕ್ಕಿಟ್ಟು ಎದ್ದು ಬಂದಿದ್ದಳು. ಎರಡು ತಿಂಗಳಲ್ಲಿ ಆ ಕಾರಿನ ಇಷ್ಟು ಹತ್ತಿರ ಬಂದದ್ದು ಅದೇ ಮೊದಲು. ಬೇಡಮ್ಮ, ಕೈ ಮಸಿಯಾಗುತ್ತೆ ಎಂದಳು ಮಗಳು. ಅಣ್ಣ ಬಾನೆಟ್ ಎತ್ತಿಬಿಟ್ಟಿದ್ದ. ಅಮ್ಮ ಒಳಗೆ ಬಗ್ಗಿ ನೋಡಿದಳು. ಎಂಜಿನ್ನಿನ ವಿಷಯ ಅವಳಿಗೇನೂ ಗೊತ್ತಿರಲಿಲ್ಲ. ಬಣ್ಣದ ವಿಷಯ ಗೊತ್ತಿತ್ತು, ಪೇಂಟರಿನ ಜೊತೆ ಬಾಳಿದವಳು. ಅಷ್ಟು ನೀಲಿಯ ನಡುವೆ ಬೋಲ್ಟಿನ ಸುತ್ತ ಅಂಚು ಬಿಟ್ಟುಕೊಂಡು ಬೆಳ್ಳಗಿದ್ದ ಕಬ್ಬಿಣ ಅವಳ ಕಣ್ಣಿಗೆ ನೇರವಾಗಿ ಬಿತ್ತು. ಬೆರಳಿನಿಂದ ಗ್ರೀಸ್ ಸರಿಸಿ ಅದನ್ನು ಮುಟ್ಟಿದಳು.

"ಇಲ್ಲೂ ಬಳಿದಿದ್ರಾ?"

ಅಮ್ಮನಿಗೆ ಉತ್ತರ ಬೇಕಾಗಿರಲಿಲ್ಲ. ಅಣ್ಣ ಏನು ಏನು ಎನ್ನುತ್ತಿದ್ದ. ಅಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಬಾನೆಟ್ಟಿನ ಒಳಗೇ ನೋಡುತ್ತ ಮಾತಾಡಿದಳು.

"ಅವತ್ತು ಟಕ್ ಅಂತಿದ್ದು ನಂಗೂ ಕೇಳಿಸ್ತಿತ್ತು. ನೀನು ಸರಿಯಾಗೇ ತಿರುಗಿಸ್ತಿದ್ದೆ. ನಾನು ಹಿಂದಿಂದ ನಿನ್ನ ಕೈನೇ ನೋಡ್ತಾ ಇದ್ದೆ."

"ಮತ್ತೆ ಯಾಕಮ್ಮಾ ಹೇಳ್ಲಿಲ್ಲ?"

"ಗಾಡಿದು ತಪ್ಪು ಅಂದ್ರೆ ಅವರದು ತಪ್ಪು ಅಂದ ಹಾಗೆ ಆಗ್ತಿತ್ತು. ಈ ಗಾಡಿನ ಅವರು ಬಿಟ್ಟು ಇನ್ಯಾರು ಮುಟ್ಟಿದ್ರು? ಸತ್ತೋರ ಮೇಲೆ ಮಾತು ಬರ್ಬಾರ್ದು ಅಂತ ಬಾಯಿ ಮುಚ್ಕೊಂಡೆ. ಹೋದೋರನ್ನ ಕಾಯೋಕೆ ಹೋಗಿ ಇದ್ದೋಳನ್ನ ಬಿಟ್ಬಿಟ್ಟೆ."

ಮಗಳಿಗೆ ಸಿಟ್ಟು ಬಂತು. ಅಪ್ಪನ ಮೇಲೆ ಬಾರದ ಸಿಟ್ಟೆಲ್ಲ ಒಟ್ಟಾಗಿ ಅಮ್ಮನ ಮೇಲೆ ಬಂತು. ಎರಡು ತಿಂಗಳು. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಏನಾದರೂ ಕೆಟ್ಟದಾಗಿ ಹೇಳಬೇಕೆಂದು ಬಾಯಿ ತೆರೆದವಳಿಗೆ, ಈಗ ತಾನೇ ಅದೇ ಅಪ್ಪನನ್ನು ಕಾಯಲು ತಾನೂ ಬೋಲ್ಟು ಸಡಿಲವೆಂದು ಸುಳ್ಳು ಹೇಳಿದ್ದು ನೆನಪಾಯಿತು. ಅವಳು ಬಾಯಿ ಮುಚ್ಚಿದಳು. ಅಣ್ಣ ಒಮ್ಮೆ ಅಮ್ಮನ ಮುಖ, ಒಮ್ಮೆ ತಂಗಿಯ ಮುಖ ನೋಡಿ, ಬಾನೆಟ್ಟನ್ನು ಮೆಲ್ಲಗೆ ಇಳಿಸಿದ.

ಅಮ್ಮ ಕಾರಿನ ಸುತ್ತ ಬಂದು ಮುಂದಿನ ಬಾಗಿಲು ತೆರೆದಳು. ಹಿಂದಿನ ಸೀಟಿನ ಕಡೆ ನೋಡದೆ, ಸೀರೆ ಎಳೆದುಕೊಂಡು ಡ್ರೈವರಿನ ಪಕ್ಕ ಕೂತಳು.

"ನಡಿ," ಎಂದಳು.

"ಎಲ್ಲಿಗಮ್ಮಾ?"

"ಸೇತುವೆ ಆಚೆಗೆ."

ಕೀ ತಿರುಗಿಸುವಾಗ ಅಮ್ಮ ಅವಳ ಕೈಯನ್ನೇ ನೋಡುತ್ತಿದ್ದುದು ಅವಳಿಗೆ ಗೊತ್ತಾಯಿತು. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಸೇತುವೆ ಹತ್ತುವ ತಿರುವಿನಲ್ಲಿ ಇಂಡಿಕೇಟರ್ ಹಾಕಿದಳು, ಮುಳ್ಳು ಅಲುಗಲಿಲ್ಲ. ನಡುಮಧ್ಯೆ, ಆವತ್ತು ನಿಂತಿದ್ದ ಕಂಬದ ಹತ್ತಿರ, ಅವಳ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು.

"ನಿಲ್ಲಿಸ್ಬೇಡ," ಎಂದು ಅಮ್ಮ ಗೇರಿನ ಮೇಲಿದ್ದ ಅವಳ ಕೈಯ ಮೇಲೆ ತನ್ನ ಕೈಯಿಟ್ಟಳು. ಬೆರಳಲ್ಲಿ ಇನ್ನೂ ಗ್ರೀಸ್ ಇತ್ತು. ಅವಳು ಬ್ರೇಕಿನಿಂದ ಕಾಲು ತೆಗೆದಳು, ಗಾಡಿ ಸೇತುವೆ ದಾಟಿತು.